ಖುಲ್ನಾ ಗಾಡಿ ಯಾಕೆ ನಿಂತಿತು? ಸಿಂಧನೂರಿನ ಕ್ಯಾಂಪಿನಿಂದ ಒಂದು ಹಿನ್ನೋಟ

ಸಿಂಧನೂರಿನ ಆರ್‌.ಎಚ್‌. ಕ್ಯಾಂಪಿಗೆ (ನಿರಾಶ್ರಿತರ ಪುನರ್ವಸತಿ ಕ್ಯಾಂಪು) ಹೋದಾಗಲೆಲ್ಲ ಅಲ್ಲಿನ ಅಜ್ಜ ಒಬ್ಬರು ನನ್ನನ್ನು ಒಂದೇ ಮಾತು ಕೇಳುತ್ತಾರೆ: ‘ತಮ್ಮಾ, ಆ ಖುಲ್ನಾ ಗಾಡಿ ಮತ್ತ ಚಾಲೂ ಆತೇನು?’

ಕೋಲ್ಕತ್ತದಿಂದ ಬಾಂಗ್ಲಾದೇಶದ ಖುಲ್ನಾಕ್ಕೆ ಓಡುತ್ತಿದ್ದ ರೈಲು ಅದು, 2024ರಲ್ಲಿ ನಿಂತಿತು. ಅಜ್ಜ ಹುಡುಗರಾಗಿದ್ದಾಗ ಪೂರ್ವ ಪಾಕಿಸ್ತಾನ, ಅಂದರೆ ಈಗಿನ ಬಾಂಗ್ಲಾದೇಶ, ಬಿಟ್ಟು ಬಂದವರು. ಸರ್ಕಾರ ಇಲ್ಲಿ ನೆಲೆ ಕೊಟ್ಟಿತು. ಈಗ ಭತ್ತ ಬೆಳೆಯುತ್ತಾರೆ, ನಮ್ಮ ಹಾಗೇ ರಾಯಚೂರು ಕನ್ನಡ ಮಾತಾಡುತ್ತಾರೆ. ‘ಇಲ್ಲ ಅಜ್ಜ’ ಅಂದರೆ ‘ಯಾಕ?’ ಅನ್ನುತ್ತಾರೆ. ಆ ‘ಯಾಕ’ಕ್ಕೆ ಉತ್ತರ ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಕೋಲ್ಕತ್ತದಿಂದ ಪೂರ್ವ ಬಂಗಾಳದ ಕಡೆ ರೈಲು ಓಡಿದ್ದು 1862ರಲ್ಲಿ. 1947ರಲ್ಲಿ ದೇಶ ಎರಡಾದ ಮೇಲೂ ರೈಲು ನಿಲ್ಲಲಿಲ್ಲ. 1965ರ ಯುದ್ಧ ಬಂತು, ನಿಂತುಹೋಯಿತು. ಮತ್ತೆ ಪ್ರಯಾಣಿಕರ ರೈಲು ಗಡಿ ದಾಟಿದ್ದು 2008ರಲ್ಲಿ. ನಡುವೆ 43 ವರ್ಷ.

ಈ ನಡುವಿನ ಒಂದು ಘಟನೆ, ಒಂದು ದೇಶ ಇನ್ನೊಂದಕ್ಕೆ ಕೊಡುವ ನೆರವು ಅಂದರೆ ಏನು ಅಂತ ಚೆನ್ನಾಗಿ ತೋರಿಸುತ್ತದೆ. ಬಾಂಗ್ಲಾದೇಶದ ಪದ್ಮಾ ನದಿಯ ಮೇಲೆ ಹಾರ್ಡಿಂಜ್ ರೈಲು ಸೇತುವೆ ಇದೆ. 1915ರಲ್ಲಿ ಕಟ್ಟಿ ಮುಗಿಸಿದ್ದು, ಉದ್ದ ಸುಮಾರು 1.8 ಕಿ.ಮೀ. 1971ರ ಡಿಸೆಂಬರ್‌ನಲ್ಲಿ ಬಾಂಬಿನ ಹೊಡೆತಕ್ಕೆ ಅದರ ಒಂದು ಭಾಗ ಮುರಿದು ನದಿಗೆ ಬಿತ್ತು. ಅಷ್ಟಕ್ಕೇ ದೇಶದ ಉತ್ತರ ಭಾಗಕ್ಕೂ ಖುಲ್ನಾ ಕಡೆಗೂ ಇದ್ದ ರೈಲಿನ ಸಂಪರ್ಕ ಕಡಿದುಹೋಯಿತು. ಹೊಸದಾಗಿ ಹುಟ್ಟಿದ ದೇಶ, ಊರೂರಲ್ಲಿ ಮನೆ ಕಳೆದುಕೊಂಡ ಜನ. ಬಂದರಿಗೆ ಬಂದ ಧಾನ್ಯ ಉತ್ತರಕ್ಕೆ ಹೋಗಬೇಕು ಅಂದರೆ ದಾರಿ ಇಲ್ಲ. ಆಗ ದುರಸ್ತಿಗೆ ಭಾರತ ಕೈಜೋಡಿಸಿತು. 1972ರ ಅಕ್ಟೋಬರ್‌ನಲ್ಲಿ ಸೇತುವೆಯ ಮೇಲೆ ಮತ್ತೆ ರೈಲು ಓಡಿತು. ಯುದ್ಧ ಮುಗಿದು ಒಂದು ವರ್ಷವೂ ಆಗಿರಲಿಲ್ಲ.

ಮುರಿದದ್ದನ್ನು ಬೇಗ ಸರಿಮಾಡುವುದರ ಬೆಲೆ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಂನ 19ನೇ ಗೇಟ್ ಕೊಚ್ಚಿಹೋದಾಗ ಬಳ್ಳಾರಿ, ಕೊಪ್ಪಳ, ರಾಯಚೂರಿನ ಎಷ್ಟು ರೈತರು ಆ ವಾರ ನಿದ್ದೆ ಮಾಡಿದ್ದರು ಹೇಳಿ? ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟ್ ಕೂರಿಸಿದ ಮೇಲೆ ತಾನೇ ನಾವೆಲ್ಲ ಉಸಿರು ಬಿಟ್ಟಿದ್ದು.

ಆಮೇಲೆ ನೆರವಿನ ರೂಪ ಬದಲಾಯಿತು. 2010ರಲ್ಲಿ ಭಾರತ ಬಾಂಗ್ಲಾದೇಶಕ್ಕೆ 100 ಕೋಟಿ ಡಾಲರ್ ಸಾಲ ಘೋಷಿಸಿತು. ಅದರಲ್ಲಿ ಸ್ವಲ್ಪ ಭಾಗವನ್ನು ಮುಂದೆ ಅನುದಾನ ಅಂತ ಬದಲಿಸಿತು. 2016ರಲ್ಲಿ ಇನ್ನೂ 200 ಕೋಟಿ, 2017ರಲ್ಲಿ 450 ಕೋಟಿ ಡಾಲರ್. ಇದರಲ್ಲಿ ರೈಲ್ವೆ ಕೆಲಸಗಳ ಪಾಲು ದೊಡ್ಡದು. ಬಡ್ಡಿ ಕಡಿಮೆ, ತೀರಿಸಲು 20 ವರ್ಷ. ಆದರೆ ಬಹುಪಾಲು ಸಾಮಾನು, ಗುತ್ತಿಗೆ ಎಲ್ಲ ಭಾರತದಿಂದಲೇ ತಗೋಬೇಕು. ನಮ್ಮ ಗಂಜ್‌ನಲ್ಲಿ ದಲಾಲಿ ಅಂಗಡಿಯವರು ಬೀಜ, ಗೊಬ್ಬರಕ್ಕೆ ಮುಂಗಡ ಕೊಡುತ್ತಾರಲ್ಲ, ಮಾಲು ಮಾತ್ರ ಅವರ ಅಂಗಡಿಗೇ ತರಬೇಕು. ಹೆಚ್ಚು ಕಡಿಮೆ ಹಾಗೆ. ತಪ್ಪು ಅಂತ ಅಲ್ಲ, ಹಲವು ದೇಶಗಳು ಹೀಗೇ ಮಾಡುತ್ತವೆ. ಆದರೆ ಸಾಲಕ್ಕೂ ಅನುದಾನಕ್ಕೂ ‘ನೆರವು’ ಅಂತ ಒಂದೇ ಹೆಸರಿಟ್ಟರೆ ಓದುವವರಿಗೆ ಗೊಂದಲ ಆಗುತ್ತದೆ. ಕೊಟ್ಟವರು ‘ನಾವು ಕೊಟ್ಟೆವು’ ಅನ್ನುತ್ತಾರೆ, ಪಡೆದವರು ‘ನಾವು ತೀರಿಸುತ್ತಿದ್ದೇವೆ’ ಅನ್ನುತ್ತಾರೆ. ಇಬ್ಬರ ಮಾತೂ ನಿಜವೇ.

ಕೆಲಸ ಮಾತ್ರ ಆಯಿತು. 2017ರಲ್ಲಿ ಬಾಂಗ್ಲಾದೇಶದ ಭೈರಬ್ ಮತ್ತು ತಿತಾಸ್ ರೈಲು ಸೇತುವೆಗಳ ಉದ್ಘಾಟನೆ ಆಯಿತು. ಅದೇ ದಿನ ಕೋಲ್ಕತ್ತ–ಖುಲ್ನಾ ಬಂಧನ್ ಎಕ್ಸ್‌ಪ್ರೆಸ್ ಹೊರಟಿತು, ನಮ್ಮ ಅಜ್ಜನ ಗಾಡಿ. 2020ರಲ್ಲಿ 10, 2023ರಲ್ಲಿ 20 ಡೀಸೆಲ್ ಎಂಜಿನ್‌ಗಳು ಅನುದಾನವಾಗಿ ಹೋದವು. 2023ರ ನವೆಂಬರ್ 1ರಂದು ತ್ರಿಪುರಾದ ಅಗರ್ತಲಾದಿಂದ ಬಾಂಗ್ಲಾದೇಶದ ಅಖೌರಾಕ್ಕೆ ಹೋಗುವ ಮಾರ್ಗದ ಉದ್ಘಾಟನೆಯೂ ಆಯಿತು. ಅದು ಬರೀ 12 ಕಿ.ಮೀ. ಚಿಲ್ಲರೆ. ನಮಗೆ ಇದು ಸಣ್ಣದು ಅನಿಸಬಹುದು. ಆದರೆ ಗಿಣಿಗೇರಾ ಮಾರ್ಗ 1990ರ ದಶಕದಲ್ಲಿ ಮಂಜೂರಾಗಿ ಸಿಂಧನೂರಿಗೆ ರೈಲು ಬಂದಿದ್ದು 2024ರಲ್ಲಿ. ನಾಲ್ಕು ಹಳಿ ಬೀಳುವುದಕ್ಕೆ ಎಷ್ಟು ಕಾಯಬೇಕು ಅಂತ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಹಳಿಯ ಪಕ್ಕದಲ್ಲೇ ಇನ್ನೊಂದು ನೆರವು ಸದ್ದಿಲ್ಲದೆ ನಡೆದಿದೆ. 2006ರಿಂದ ಬಾಂಗ್ಲಾ ವಿಮೋಚನಾ ಹೋರಾಟಗಾರರ ಮಕ್ಕಳು, ಮೊಮ್ಮಕ್ಕಳಿಗೆ ಭಾರತ ಮುಕ್ತಿಯೋಧ ವಿದ್ಯಾರ್ಥಿವೇತನ ಕೊಡುತ್ತಾ ಬಂತು. 2017ರಲ್ಲಿ ಅದನ್ನು 5 ವರ್ಷಕ್ಕೆ 10,000 ವಿದ್ಯಾರ್ಥಿಗಳಿಗೆ ವಿಸ್ತರಿಸಿತು. ಇದು ಅಲ್ಲಿಯೇ ಓದುವವರಿಗೆ. ಭಾರತಕ್ಕೆ ಬಂದು ಓದುವವರಿಗೆ ಐಸಿಸಿಆರ್ (ಭಾರತೀಯ ಸಾಂಸ್ಕೃತಿಕ ಸಂಬಂಧಗಳ ಪರಿಷತ್ತು) ವಿದ್ಯಾರ್ಥಿವೇತನ ಬೇರೆ ಇದೆ. 2021ರಲ್ಲಿ ಬಾಂಗ್ಲಾ ಸ್ವಾತಂತ್ರ್ಯದ 50ನೇ ವರ್ಷಕ್ಕೆ ಅಂತ ಇನ್ನೂ 1,000 ವಿದ್ಯಾರ್ಥಿವೇತನ ಘೋಷಣೆ ಆಯಿತು. ಸೇತುವೆಯ ಲೆಕ್ಕದ ಮುಂದೆ ಇದು ಪುಡಿಗಾಸು. ಉದ್ಘಾಟನೆ ಇಲ್ಲ, ಹಸಿರು ಬಾವುಟ ಇಲ್ಲ. ಹಾಗಾಗಿ ಇದರ ಸುದ್ದಿಯೂ ಕಡಿಮೆ. ನನಗೆ ಮಾತ್ರ ಇದೇ ದೊಡ್ಡದು ಅನಿಸುತ್ತದೆ, ಯಾಕೆ ಅಂದರೆ ಅದನ್ನು ಕಣ್ಣಾರೆ ನೋಡಿದ್ದೇನೆ.

ಅಜ್ಜನ ಅಕ್ಕ ಆ ಕಡೆಯೇ ಉಳಿದವರು. ಅವರ ಮೊಮ್ಮಗ ವಿದ್ಯಾರ್ಥಿವೇತನ ಸಿಕ್ಕಿ ಮೈಸೂರಿಗೆ ಓದಲು ಬಂದಿದ್ದ. ಒಂದು ದುರ್ಗಾ ಪೂಜೆಗೆ ರಾತ್ರಿ ಬಸ್ಸಿನಲ್ಲಿ ಕ್ಯಾಂಪಿಗೆ ಬಂದ. ಎರಡು ಮನೆಯವರು ಮುಖಾಮುಖಿ ಆಗಿದ್ದು ಅದೇ ಮೊದಲು. ಅಜ್ಜ ಅವನ ಗಲ್ಲ ಹಿಡಿದು ಎಷ್ಟೋ ಹೊತ್ತು ನೋಡಿದರು. ಅಕ್ಕನ ಹಾಗೇ ಮೂಗು ಅಂತೆ. ಹುಡುಗ ಮೈಸೂರು ಕನ್ನಡದಲ್ಲಿ ‘ಊಟ ಆಯ್ತಾ ಅಜ್ಜ?’ ಅಂದ. ಅಜ್ಜಿ ಒಳಗೆ ಮೀನಿನ ಸಾರು ಕುದಿಸುತ್ತಿದ್ದವರು ಸೌಟು ಹಿಡಿದೇ ಹೊರಗೆ ಬಂದರು.

2024ರ ಜುಲೈನಲ್ಲಿ ಬಾಂಗ್ಲಾದೇಶದಲ್ಲಿ ಗಲಭೆ ಶುರುವಾಯಿತು, ಗಡಿ ದಾಟುವ ಪ್ರಯಾಣಿಕರ ರೈಲುಗಳು ನಿಂತವು. ಆಗಸ್ಟ್‌ನಲ್ಲಿ ಅಲ್ಲಿನ ಸರ್ಕಾರ ಹೋಯಿತು. ಅರ್ಧಕ್ಕೆ ಬಂದಿದ್ದ ಕೆಲವು ಕಾಮಗಾರಿಗಳು ನಿಂತವು, ವೀಸಾ ಸಿಗುವುದು ಕಷ್ಟವಾಯಿತು. ಎರಡೂ ಕಡೆ ಸಿಟ್ಟಿಗೆ ಕಾರಣಗಳಿವೆ. ಆದರೆ ಖುಲ್ನಾ ಗಾಡಿಯಲ್ಲಿ ಓಡಾಡುತ್ತಿದ್ದವರು ಯಾರು? ಆಸ್ಪತ್ರೆಗೆ ಬರುವವರು, ನೆಂಟರ ಮನೆಗೆ ಹೋಗುವವರು. ಅವರ ದಾರಿಯನ್ನಾದರೂ ತೆರೆದಿಡಬಹುದಿತ್ತು, ಅಲ್ವಾ?

ಹುಡುಗ ಅಷ್ಟರಲ್ಲಿ ಓದು ಮುಗಿಸಿ ಊರಿಗೆ ಹೋಗಿದ್ದ. ಹೋಗುವಾಗ ಅಜ್ಜ ಐದು ಕೆ.ಜಿ. ಸೋನಾ ಮಸೂರಿ ಕಟ್ಟಿಕೊಟ್ಟಿದ್ದರು. ಈಗ ಶುಕ್ರವಾರ ಸಂಜೆ ವಿಡಿಯೊ ಕಾಲ್ ಮಾಡುತ್ತಾನೆ. ಅಜ್ಜನಿಗೆ ಕಿವಿ ಮಂದ. ಫೋನನ್ನು ಕಿವಿಗೆ ಒತ್ತಿ ಹಿಡಿಯುತ್ತಾರೆ, ಆ ಕಡೆ ಅವನಿಗೆ ಬರೀ ಕಿವಿ ಕಾಣುತ್ತದೆ.