ತುಣುಕು ತುಣುಕಾಗಿ ಬರುವ ಟಿವಿ

ಟಿವಿ ಗೋಪುರದಿಂದ ಪ್ರಸಾರವಾಗುವ ಕಾರ್ಯಕ್ರಮವನ್ನು ನೂರು ಮನೆಯವರು ನೋಡಿದರೂ ಲಕ್ಷ ಮನೆಯವರು ನೋಡಿದರೂ ಗೋಪುರದ ಮೇಲಿನ ಹೊರೆ ಒಂದೇ. ಅದೇ ಕಾರ್ಯಕ್ರಮವನ್ನು ಅಂತರಜಾಲದ ಮೂಲಕ ಕಂಪ್ಯೂಟರಿನಲ್ಲಿ ನೋಡುವಾಗ ಪ್ರತಿಯೊಬ್ಬ ವೀಕ್ಷಕನ ಯಂತ್ರವೂ ತನ್ನ ಪಾಲಿನ ಚಿತ್ರವನ್ನು ಪ್ರತ್ಯೇಕವಾಗಿ ಕೇಳಿ ತರಿಸಿಕೊಳ್ಳಬೇಕಾಗುತ್ತದೆ.

ತರಿಸಿಕೊಳ್ಳಬೇಕಾದ ಮಾಹಿತಿಯೂ ಅಗಾಧ. 1920×1080 ಚುಕ್ಕೆಗಳ ಚಿತ್ರ ಸೆಕೆಂಡಿಗೆ 25 ಬಾರಿ ಬದಲಾಗುತ್ತಿದ್ದು, ಪ್ರತಿ ಚುಕ್ಕೆಗೆ 24 ಬಿಟ್ ಹಿಡಿದರೆ, ಸೆಕೆಂಡಿಗೆ ಸುಮಾರು 124 ಕೋಟಿ ಬಿಟ್ ಆಗುತ್ತದೆ. 2003ರಲ್ಲಿ ರೂಪುಗೊಂಡ ಎಚ್.264ರಂತಹ ಸಂಕುಚನ ವಿಧಾನಗಳು ಇದನ್ನು ಕೆಲವೇ ಮೆಗಾಬಿಟ್‌ಗಳಿಗೆ (ಮೆಗಾಬಿಟ್ ಎಂದರೆ ಹತ್ತು ಲಕ್ಷ ಬಿಟ್) ಇಳಿಸುತ್ತವೆ. ವಾರ್ತಾವಾಚಕಿಯ ಹಿಂದಿನ ಗೋಡೆ ಅಲುಗಾಡುವುದಿಲ್ಲವಾದ್ದರಿಂದ ಅದನ್ನು ಮತ್ತೆ ಮತ್ತೆ ಕಳುಹಿಸದೆ, ತುಟಿ, ಕಣ್ಣುಗಳ ಚಲನೆಯನ್ನಷ್ಟೇ ಕಳುಹಿಸಿದರೆ ಸಾಕು. ಜೋರು ಮಳೆಯ ದೃಶ್ಯದಲ್ಲಾದರೋ ತೆರೆಯ ತುಂಬೆಲ್ಲ ಬದಲಾವಣೆಯೇ ಇರುವುದರಿಂದ ಈ ಉಳಿತಾಯ ಸಾಧ್ಯವಾಗದೆ ಚಿತ್ರ ಚೌಕಚೌಕವಾಗಿ ಒಡೆದಂತೆ ಕಾಣುವುದುಂಟು.

ಇಷ್ಟಾದರೂ ಎಲ್ಲರ ಸಂಪರ್ಕವೂ ಒಂದೇ ವೇಗದ್ದಲ್ಲ. ಆದ್ದರಿಂದ ಒಂದೇ ಕಾರ್ಯಕ್ರಮವನ್ನು ಹಲವು ಗುಣಮಟ್ಟಗಳಲ್ಲಿ ಸಿದ್ಧಪಡಿಸಿ, ಪ್ರತಿಯೊಂದನ್ನೂ ಕೆಲವೇ ಸೆಕೆಂಡುಗಳ ತುಣುಕುಗಳಾಗಿ ಕತ್ತರಿಸಿ, ಅವುಗಳ ಪಟ್ಟಿಯೊಂದನ್ನು ಸರ್ವರ್‌ನಲ್ಲಿ ಇಡಲಾಗುತ್ತದೆ. ಆ್ಯಪಲ್ ಸಂಸ್ಥೆ 2009ರಲ್ಲಿ ಹೊರತಂದ ಎಚ್‌ಎಲ್‌ಎಸ್ ಎಂಬ ಪ್ರಸಾರ ವಿಧಾನ ಈ ಮಾದರಿಯದು. ಯಾವ ಗುಣಮಟ್ಟದ ತುಣುಕು ಬೇಕೆಂದು ನಿರ್ಧರಿಸುವುದು ಸರ್ವರ್ ಅಲ್ಲ, ನಮ್ಮ ಕಂಪ್ಯೂಟರಿನಲ್ಲಿ ಚಿತ್ರವನ್ನು ತೋರಿಸುವ ತಂತ್ರಾಂಶ, ಅಂದರೆ ಪ್ಲೇಯರ್. ಹಿಂದಿನ ತುಣುಕು ಎಷ್ಟು ಬೇಗ ಇಳಿಯಿತು, ಮೊದಲೇ ಇಳಿಸಿಟ್ಟುಕೊಂಡ ತುಣುಕುಗಳ ದಾಸ್ತಾನು ಎಷ್ಟಿದೆ ಎಂಬುದನ್ನು ಲೆಕ್ಕ ಹಾಕಿ ಅದು ಮುಂದಿನದನ್ನು ಕೇಳುತ್ತದೆ. ಈ ಇಡೀ ವ್ಯವಸ್ಥೆಯಲ್ಲಿ ನನಗೆ ಅತ್ಯಂತ ಜಾಣತನದ್ದೆನಿಸುವುದು ಇದೇ, ಏಕೆಂದರೆ ದಾರಿ ಎಲ್ಲಿ ಕಿರಿದಾಗಿದೆ ಎಂಬುದು ಪಡೆಯುವವನಿಗೇ ಮೊದಲು ತಿಳಿಯುತ್ತದೆ. ಬ್ರೌಸರಿನಲ್ಲಿ ಎಫ್12 ಒತ್ತಿ 'ನೆಟ್‌ವರ್ಕ್' ವಿಭಾಗವನ್ನು ತೆರೆದರೆ ಇದನ್ನು ಕಣ್ಣಾರೆ ನೋಡಬಹುದು: ಚಿತ್ರ ಎಡೆಬಿಡದೆ ಓಡುತ್ತಿದ್ದರೂ ತುಣುಕುಗಳು ಬಿಟ್ಟು ಬಿಟ್ಟು ಬರುತ್ತಿರುತ್ತವೆ.

ಈ ತುಣುಕುಗಳು ಸಾಮಾನ್ಯ ವೆಬ್ ಕಡತಗಳೇ ಆಗಿರುವುದರಿಂದ ಅವುಗಳ ಪ್ರತಿಗಳನ್ನು ವೀಕ್ಷಕರಿಗೆ ಸಮೀಪದ ನಗರಗಳ ಸರ್ವರ್‌ಗಳಲ್ಲಿ ಇಟ್ಟುಕೊಳ್ಳಬಹುದು. 2023ರ ನವೆಂಬರ್ 19ರಂದು ಅಹಮದಾಬಾದಿನಲ್ಲಿ ನಡೆದ ವಿಶ್ವಕಪ್ ಫೈನಲ್ ಪಂದ್ಯವನ್ನು ಹಾಟ್‌ಸ್ಟಾರ್‌ನಲ್ಲಿ ಏಕಕಾಲಕ್ಕೆ 5.9 ಕೋಟಿ ವೀಕ್ಷಕರು ನೋಡಿದರೆಂದು ಸಂಸ್ಥೆ ಪ್ರಕಟಿಸಿತು. ಒಬ್ಬೊಬ್ಬರಿಗೆ ಸೆಕೆಂಡಿಗೆ 2 ಮೆಗಾಬಿಟ್ ಎಂದು ಹಿಡಿದರೂ ಒಟ್ಟು 118 ಟೆರಾಬಿಟ್ (118 ಲಕ್ಷ ಕೋಟಿ ಬಿಟ್) ಆಗುತ್ತದೆ. ಒಂದೇ ಕೇಂದ್ರದಿಂದ ಅಷ್ಟನ್ನೂ ಹರಿಸುವುದು ಆಗದ ಮಾತು.

ನೇರಪ್ರಸಾರದಲ್ಲಿ ಮಾತ್ರ ಈ ತುಣುಕುಗಳ ವ್ಯವಸ್ಥೆ ಸಮಯವನ್ನು ಬೇಡುತ್ತದೆ. ತುಣುಕು ಪೂರ್ಣಗೊಳ್ಳುವವರೆಗೆ ಅದನ್ನು ಕಳುಹಿಸುವಂತಿಲ್ಲ. ಪ್ಲೇಯರ್ ಕೂಡ ಮೂರು ತುಣುಕುಗಳಷ್ಟು ಹಿಂದಿನಿಂದ ಆರಂಭಿಸುವುದು ರೂಢಿ. ತುಣುಕು 6 ಸೆಕೆಂಡಿನದಾದರೆ ಇದರಿಂದಲೇ 18 ಸೆಕೆಂಡು ತಡವಾಗುತ್ತದೆ. ಡಿಟಿಎಚ್ ಇರುವ ಪಕ್ಕದ ಮನೆಯವರು ಸಿಕ್ಸರಿಗೆ ಕೂಗಿದಾಗ ನಮ್ಮ ತೆರೆಯಲ್ಲಿ ಬೌಲರ್ ಇನ್ನೂ ಓಟವನ್ನೇ ಆರಂಭಿಸಿರುವುದಿಲ್ಲ. ತುಣುಕುಗಳನ್ನು ಇನ್ನೂ ಚಿಕ್ಕದಾಗಿಸಿ, ಸಿದ್ಧವಾದಷ್ಟನ್ನು ಆಗಲೇ ಕಳುಹಿಸುವ ವಿಧಾನಗಳು ಈಗ ಬಳಕೆಗೆ ಬಂದಿವೆ. ಆದರೆ ದಾಸ್ತಾನು ಕಡಿಮೆಯಾದಷ್ಟೂ ಸಂಪರ್ಕ ಒಂದಿಷ್ಟು ತಡವರಿಸಿದರೂ ಚಿತ್ರ ನಿಂತುಬಿಡುವ ಸಾಧ್ಯತೆ ಹೆಚ್ಚು.