ಪೊಲ್ಯೂಟ್: ಪಾಪದ ಮಾತು ಕಾನೂನಿನ ಮಾತಾದದ್ದು ಹೇಗೆ?

ಕೆರೆಯಲ್ಲಿ ನೊರೆ ಎದ್ದಾಗಲೆಲ್ಲ ಅದೇ ಜಗಳ. ಒಬ್ಬರು ‘ಇದು ಪೊಲ್ಯೂಷನ್’ ಅನ್ನುತ್ತಾರೆ, ಇನ್ನೊಬ್ಬರು ‘ಎಲ್ಲ ಮಿತಿಯೊಳಗೇ ಇದೆ’ ಅನ್ನುತ್ತಾರೆ. ಈ ಗೊಂದಲ ಇವತ್ತಿನದಲ್ಲ.

‘ಪೊಲ್ಯೂಟ್’ ಲ್ಯಾಟಿನ್ ಮೂಲದ ಕ್ರಿಯಾಪದ. ಲ್ಯಾಟಿನ್‌ನಲ್ಲಿ ಕೆಸರಿಗೆ ‘ಲುಟುಮ್’ ಅನ್ನುತ್ತಾರೆ, ಇದೂ ಅದೇ ಬಳಗದ್ದು. 14ನೇ ಶತಮಾನದ ಕೊನೆಗೆ ಇಂಗ್ಲಿಷಿಗೆ ಬಂದಾಗ ಇದು ನದಿಯ ಮಾತಾಗಿರಲಿಲ್ಲ. ಕೆಡುತ್ತಿದ್ದದ್ದು ಪೂಜಾಸ್ಥಳ, ದೇಹ, ಆತ್ಮ. ನಮ್ಮ ಮಡಿ-ಮೈಲಿಗೆಯ ಬಗ್ಗೆ ಇಂಗ್ಲಿಷಿನಲ್ಲಿ ಬರೆದವರು ಮುಂದೆ ಇದೇ ಪದ ಹಿಡಿದದ್ದು ಸುಮ್ನೆ ಅಲ್ಲ. ನೀರು, ಗಾಳಿ ಕೊಳೆಯಾಗುವ ಅರ್ಥ ನಂತರದ ಶತಮಾನಗಳಲ್ಲಿ ನಿಧಾನವಾಗಿ ಸೇರಿಕೊಂಡಿತು.

ಪದವನ್ನು ಕಾನೂನಿನ ಪುಸ್ತಕಕ್ಕೆ ಎಳೆದು ತಂದದ್ದು 19ನೇ ಶತಮಾನದ ಲಂಡನ್ನಿನ ಒತ್ತಡ. ಅಲ್ಲಿನ ಮನೆಗಳ ಮಲ ಮೊದಲು ಗುಂಡಿಗೆ ಬೀಳುತ್ತಿತ್ತು. ನೀರು ಹೊಯ್ಯುವ ಶೌಚಾಲಯ ಬಂತು, ಗುಂಡಿಗಳನ್ನು ಚರಂಡಿಗೆ ಜೋಡಿಸಿದರು, ಚರಂಡಿ ಥೇಮ್ಸ್ ನದಿಗೆ ಸೇರಿತು. ಊರು ಕುಡಿಯುತ್ತಿದ್ದದ್ದೂ ಅದೇ ನದಿಯ ನೀರನ್ನು! ಮತ್ತೆ ಮತ್ತೆ ಕಾಲರಾ ಬಂತು. ಆದರೂ ಸರ್ಕಾರ ಅವಸರ ಮಾಡಿದ್ದು 1858ರ ಬೇಸಿಗೆಯಲ್ಲಿ, ನಾತ ಸಂಸತ್ತಿನ ಕಿಟಕಿಗೆ ಬಡಿದಾಗ. ಪರದೆಗಳನ್ನು ಬ್ಲೀಚಿಂಗ್ ಪೌಡರಿನ ನೀರಲ್ಲಿ ಅದ್ದಿ ತೂಗುಹಾಕಿದರು. ಕೆಲವೇ ವಾರಗಳಲ್ಲಿ ಥೇಮ್ಸ್ ಶುದ್ಧಿಗೆ ಕಾಯ್ದೆ ಪಾಸಾಯಿತು. ಬಡವರ ಬೀದಿಯ ಸಾವಿಗೆ ಇಷ್ಟು ವೇಗ ಇರಲಿಲ್ಲ, ಅಲ್ವಾ?

ಎಂಜಿನಿಯರ್ ಜೋಸೆಫ್ ಬಜಾಲ್ಜೆಟ್ ದೊಡ್ಡ ಚರಂಡಿ ಜಾಲ ಕಟ್ಟಿದರು. ಕೆಲಸ ಅದ್ಭುತ. ಆದರೆ ಕೊಳಚೆ ಶುದ್ಧವಾಗಲಿಲ್ಲ, ಊರಿನ ಕೆಳಗೆ ಬೆಕ್ಟನ್, ಕ್ರಾಸ್‌ನೆಸ್ ಹತ್ತಿರ ನದಿಗೇ ಬಿತ್ತು. 1878ರಲ್ಲಿ ‘ಪ್ರಿನ್ಸೆಸ್ ಆಲಿಸ್’ ಹಡಗು ಮುಳುಗಿದ್ದು ಅಲ್ಲೇ ಹತ್ತಿರ. ಸತ್ತವರು 600ಕ್ಕೂ ಜಾಸ್ತಿ. ಅವರು ಬಿದ್ದದ್ದು ಕೊಳಚೆ ತುಂಬಿದ ನೀರಿಗೆ.

ಅಷ್ಟರಲ್ಲಿ 1865 ಮತ್ತು 1868ರಲ್ಲಿ ನದಿಗಳ ಬಗ್ಗೆ ಎರಡು ಆಯೋಗ ಕೂತಿದ್ದವು. ಎರಡನೆಯದರಲ್ಲಿದ್ದ ರಸಾಯನ ವಿಜ್ಞಾನಿ ಎಡ್ವರ್ಡ್ ಫ್ರಾಂಕ್‌ಲೆಂಡ್ ಅಳತೆ ಬೇಕು ಎಂದು ಹಟ ಹಿಡಿದರು. ಯಾವ ಪದಾರ್ಥ ಎಷ್ಟಿದ್ದರೆ ನೀರು ಕೆಟ್ಟಿತು ಎಂಬುದಕ್ಕೆ ಅಂಕಿ ಇರಬೇಕೆಂದು ಆಯೋಗ ಹೇಳಿತು. 1876ರಲ್ಲಿ ನದಿಗಳ ‘ಪೊಲ್ಯೂಷನ್’ ತಡೆಯುವ ಕಾಯ್ದೆ ಬಂದಾಗ ಅದರಲ್ಲಿ ಆ ಅಂಕಿಗಳಿರಲಿಲ್ಲ. ಕಾರ್ಖಾನೆ ಮೇಲೆ ಕೇಸು ಹಾಕಲು ಸರ್ಕಾರದ ಒಪ್ಪಿಗೆ ಬೇಕಿತ್ತು. ‘ಸಾಧ್ಯವಾದದ್ದೆಲ್ಲ ಮಾಡಿದ್ದೇವೆ’ ಎಂದರೆ ತಪ್ಪಿಸಿಕೊಳ್ಳಲು ದಾರಿಯೂ ಇತ್ತು. ಹೆಸರಿಗೆ ನಿಷೇಧ, ಒಳಗೆ ತೆರೆದ ಬಾಗಿಲು. ಈ ಕಾಯ್ದೆ 1951ರವರೆಗೆ ಬಾಳಿತು.

ಅಂಕಿ ಸಿಕ್ಕಿದ್ದು 1912ರಲ್ಲಿ, ಇನ್ನೊಂದು ಆಯೋಗದ ವರದಿಯಲ್ಲಿ. ಕೊಳೆಯನ್ನು ಜೀರ್ಣಿಸಲು ಸೂಕ್ಷ್ಮಜೀವಿಗಳಿಗೆ ಎಷ್ಟು ಆಮ್ಲಜನಕ ಬೇಕು ಎಂಬ ಅಳತೆಗೆ ಲೀಟರಿಗೆ 20 ಮಿಲಿಗ್ರಾಂ ಮಿತಿ. ಅದರ ಹಿಂದೆ ಒಂದು ಷರತ್ತಿತ್ತು: ನದಿಯಲ್ಲಿ ಕೊಳಚೆಯ ಎಂಟು ಪಟ್ಟು ಒಳ್ಳೆ ನೀರು ಇರಬೇಕು.

ನಮ್ಮಲ್ಲಿ ಜಲ ಕಾಯ್ದೆ ಬಂದದ್ದು 1974ರಲ್ಲಿ, ಕರ್ನಾಟಕದ ಮಾಲಿನ್ಯ ನಿಯಂತ್ರಣ ಮಂಡಳಿಯೂ ಆ ವರ್ಷವೇ ಹುಟ್ಟಿತು. ಮುಂದೆ ಒಳನಾಡಿನ ಜಲಮೂಲಕ್ಕೆ ಬಿಡುವ ತ್ಯಾಜ್ಯಕ್ಕೆ ಅದೇ ಅಳತೆಯಲ್ಲಿ 30 ಮಿಲಿಗ್ರಾಂ ಸಾಮಾನ್ಯ ಮಿತಿಯಾಯಿತು. ಬೆಂಗಳೂರಿನ ವೃಷಭಾವತಿಯಲ್ಲಿ ವರ್ಷದ ಬಹುಪಾಲು ಹರಿಯುವುದೇ ಊರಿನ ಕೊಳಚೆ. ಎಂಟು ಪಟ್ಟು ಒಳ್ಳೆ ನೀರು ಅಲ್ಲಿಗೆ ಎಲ್ಲಿಂದ ಬರಬೇಕು?