ಫಿಲ್ಮ್ ಬ್ಲಾಂ ಅಂದ್ರೆ ಏನು?

ಫಿಲ್ಮ್ ನ್ವಾರ್, ಅಂದ್ರೆ ಫ್ರೆಂಚ್‌ನಲ್ಲಿ ಕಪ್ಪು ಸಿನಿಮಾ, ಅನ್ನೋ ಪದ ಸಿನಿಮಾ ಹುಚ್ಚಿರೋರಿಗೆಲ್ಲ ಗೊತ್ತು, ಕತ್ತಲ ಬೀದಿ, ಪತ್ತೇದಾರ, ಮೋಸ, ಕೊಲೆ. ಅದೇ 1940ರ ದಶಕದಲ್ಲಿ ಹಾಲಿವುಡ್ಡು ಇದಕ್ಕೆ ಪೂರ್ತಿ ಉಲ್ಟಾ ಇರೋ ಸಿನಿಮಾಗಳನ್ನೂ ಸಾಲಾಗಿ ತೆಗೀತು, ಸತ್ತೋರು ವಾಪಸ್ ಬಂದು ಬದುಕಿರೋರ ಕೈ ಹಿಡಿಯೋ ಕಥೆಗಳು. ಇಂಥವಕ್ಕೆ ಫಿಲ್ಮ್ ಬ್ಲಾಂ, ಅಂದ್ರೆ ಬಿಳಿ ಸಿನಿಮಾ, ಅಂತ ಹೆಸರಿಟ್ಟಿದ್ದು 1978ರಲ್ಲಿ ಪೀಟರ್ ವ್ಯಾಲೆಂಟಿ ಅನ್ನೋ ಅಧ್ಯಯನಕಾರ. ಅವರು ಹೇಳೋ ಲಕ್ಷಣ ಏನಪ್ಪಾ ಅಂದ್ರೆ, ಯಾರೋ ಸಾಯ್ತಾರೆ ಇಲ್ಲಾ ಕನಸಿಗೆ ಜಾರ್ತಾರೆ, ಪರಲೋಕದ ಕಡೆಯೋರು ಒಬ್ರು ಒಳ್ಳೇರು ಸಿಗ್ತಾರೆ, ಮಧ್ಯೆ ಒಂದು ಪ್ರೀತಿ ಹುಟ್ಟುತ್ತೆ, ಕೊನೆಗೆ ಭೂಮಿಗೆ ವಾಪಸ್. 1941ರ ಹಿಯರ್ ಕಮ್ಸ್ ಮಿಸ್ಟರ್ ಜೋರ್ಡನ್ ಹೆಚ್ಚುಕಮ್ಮಿ ಇದೇ.

ಆದ್ರೆ ನನಗೆ ಈ ಜಾತಿಯಲ್ಲಿ ತುಂಬಾ ಇಷ್ಟ ಆಗೋದು ಈ ಸೂತ್ರಕ್ಕೆ ಸರಿಯಾಗಿ ಕೂರದೇ ಇರೋ ದಿ ಘೋಸ್ಟ್ ಅಂಡ್ ಮಿಸೆಸ್ ಮ್ಯೂರ್, 1947ರದ್ದು, ಡೈರೆಕ್ಟರ್ ಜೋಸೆಫ್ ಮ್ಯಾಂಕಿವಿಚ್. ಲೂಸಿ ಅಂತ ಚಿಕ್ಕ ವಯಸ್ಸಿನ ವಿಧವೆ, ಅತ್ತೆ ನಾದಿನಿ ಜೊತೆ ಇದ್ದು ಸಾಕಾಗಿ ಮಗಳನ್ನ ಕರ್ಕೊಂಡು ಇಂಗ್ಲೆಂಡಿನ ಸಮುದ್ರದ ದಡದಲ್ಲಿ ಒಂದು ಮನೆ ಬಾಡಿಗೆಗೆ ಹಿಡೀತಾಳೆ, ಅಲ್ಲಿ ಸತ್ತುಹೋದ ಹಡಗಿನ ಕ್ಯಾಪ್ಟನ್ ದೆವ್ವ ಆಗಿದಾನೆ. ರೆಕ್ಸ್ ಹ್ಯಾರಿಸನ್ ಮಾಡಿರೋ ಈ ದೆವ್ವ ಗಡ್ಡ ಬಿಟ್ಕೊಂಡು, ಬೈಕೊಂಡು, ನಮ್ಮ ನಿಮ್ಮಂಗೇ ಗಟ್ಟಿಯಾಗಿ ನಿಂತಿರುತ್ತೆ. ಲೂಸಿ ಕೈಲಿ ದುಡ್ಡಿಲ್ಲ ಅಂತಾದಾಗ ಅವನು ತನ್ನ ಜೀವನದ ಕಥೆ ಹೇಳ್ತಾನೆ, ಅವಳು ಟೈಪ್ ಮಾಡ್ತಾಳೆ. ಒಂದು ಕಡೆ ಅವನು ಹೇಳೋ ಹಡಗಿನೋರ ಪೋಲಿ ಪದ ಟೈಪ್ ಮಾಡೋಕೆ ಇವಳಿಗೆ ಮುಜುಗರ, ಅವನು ಬಿಡಲ್ಲ, ಕೊನೆಗೆ ಒಂದೇ ಬೆರಳಲ್ಲಿ ಟಕ್ ಟಕ್ ಅಂತ ನಾಲ್ಕೇ ನಾಲ್ಕು ಕೀ ಒತ್ತುತ್ತಾಳೆ. ಆ ಪದ ಬಾಯಲ್ಲಿ ಬರಲ್ಲ, ಪೇಪರ್ ಮೇಲೂ ಕಾಣಲ್ಲ, ಸೆನ್ಸಾರ್ ಬಿಗಿಯಾಗಿದ್ದ ಕಾಲದಲ್ಲಿ ಇಷ್ಟು ಚೆನ್ನಾಗಿ ಅದನ್ನ ದಾಟಿದ್ದು ನೋಡಿ ಖುಷಿಯಾಗುತ್ತೆ.

ಆ ಪುಸ್ತಕದ ದುಡ್ಡಲ್ಲೇ ಮನೆ ಅವಳದಾಗುತ್ತೆ. ಹಾಗಾಗಿ ಇದನ್ನ ಬರೀ ಲವ್ ಸ್ಟೋರಿ ಅಂದ್ರೆ ನನಗೆ ಒಪ್ಪಿಗೆ ಇಲ್ಲ, ಒಬ್ಬ ಹೆಂಗಸು ಯಾರ ಹಂಗೂ ಇಲ್ದೆ ತನ್ನ ಮನೇಲಿ ತಾನಿರೋ ಕಥೆ ಇದು, ಇವಳು ಬದುಕಿರೋರ ಜೊತೆ ಬಾಳಬೇಕು ಅಂತ ಕ್ಯಾಪ್ಟನ್ ತಾನೇ ದೂರ ಹೋಗಿಬಿಡ್ತಾನೆ, ಹೋಗೋವಾಗ ನಿದ್ದೆಯಲ್ಲಿರೋ ಅವಳಿಗೆ ಇದೆಲ್ಲಾ ಕನಸು ಅಂತ ಹೇಳಿ ಹೋಗ್ತಾನೆ, ಆಮೇಲೆ ವರ್ಷಗಟ್ಟಲೆ ಅವಳು ಒಬ್ಬಳೇ. ಮಗಳ ಹೆಸರು ಕೆತ್ತಿದ್ದ ದಡದ ಕಂಬ ಅಲೆ ಹೊಡೆದು ಹೊಡೆದು ಸವೆಯೋದನ್ನ ತೋರಿಸಿಯೇ ಕಾಲ ಕಳೆದದ್ದನ್ನ ಹೇಳಿದಾರೆ, ಹಿಂದೆ ಬರ್ನಾರ್ಡ್ ಹರ್ಮನ್ ಮ್ಯೂಸಿಕ್. ಮುಂದೆ ವರ್ಟಿಗೋ, ಸೈಕೋಗೆ ಮ್ಯೂಸಿಕ್ ಕೊಟ್ಟವರು ಇವರೇ.

ನ್ವಾರ್‌ಗೂ ಬ್ಲಾಂಗೂ ಇರೋ ವ್ಯತ್ಯಾಸ ಕಣ್ಣಾರೆ ನೋಡ್ಬೇಕಾ, ಲೂಸಿ ಪಾತ್ರ ಮಾಡಿರೋ ಜೀನ್ ಟಿಯರ್ನಿ ಅವರದ್ದೇ 1944ರ ಲಾರಾ ಮೊದ್ಲು ನೋಡಿ. ಅದ್ರಲ್ಲಿ ಕೊಲೆಯಾದಳು ಅಂದ್ಕೊಂಡಿರೋ ಹೆಂಗಸಿನ ಪೇಂಟಿಂಗ್ ನೋಡ್ತಾ ನೋಡ್ತಾ ಪತ್ತೇದಾರ ಮರುಳಾಗ್ತಾನೆ. ಇದ್ರಲ್ಲೂ ಗೋಡೆ ಮೇಲೆ ಸತ್ತವನ ಪೇಂಟಿಂಗೇ ಇದೆ, ಆದ್ರೆ ಇಲ್ಲಿ ಅದ್ರಿಂದ ಹುಟ್ಟೋದು ಅನುಮಾನ ಅಲ್ಲ, ಜೊತೆ.